ಹುಬ್ಬಿನ ಕೂದಲು

"ಮುಟ್ಟಿದ್ರೂ ಹಿಂದಕ್ಕೆ ಸರೀತಾ ಇಲ್ವಲ್ಲಮ್ಮಾ ನಿಮ್ಮ ಹುಳ," ಎಂದರು ಹಿರಿಯರು, ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ.

ಹುಳದಕ್ಕ ಗಾಜಿನ ತಟ್ಟೆಯತ್ತ ಬಗ್ಗಿದಳು. ಕಟ್ಟಡದವರೆಲ್ಲ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಅಲ್ಪವಿರಾಮದಷ್ಟು ಸಣ್ಣ ಹುಳಗಳ ಮೈಯಲ್ಲಿ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವುದು ಹೇಗೆಂದು ಹುಡುಕುತ್ತಲೇ ಅರ್ಧ ಆಯುಸ್ಸು ಕಳೆದವಳು ಅವಳು. ಅನುದಾನ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಸಮಿತಿ ಈ ಹಿರಿಯರನ್ನು ಕಳಿಸಿತ್ತು. ಅವರು ಬೇಡವೆಂದರೆ ಪ್ರಯೋಗಾಲಯಕ್ಕೆ ಬೀಗ.

ಅವಳ ಕೈಯಲ್ಲಿದ್ದದ್ದು ಹಲ್ಲುಕಡ್ಡಿ. ಅದರ ತುದಿಗೆ ಅಂಟಿಸಿದ್ದು ಅಮ್ಮನ ಹುಬ್ಬಿನ ಕೂದಲು. ಹುಳಕ್ಕೆ ನೋವಾಗದಂತೆ ಮುಟ್ಟಲು ಅದೇ ಸರಿ. "ಬೇರೆ ಹೆಣ್ಣುಮಕ್ಕಳು ಅಮ್ಮನ ಒಡವೆ ಕೇಳ್ತಾರೆ. ನೀನು ಹುಬ್ಬಿಗೇ ಕೈ ಹಾಕ್ತೀಯಲ್ಲೇ!" ಎಂದು ಅಮ್ಮ ನಗುತ್ತಲೇ ಕಿತ್ತುಕೊಟ್ಟಿದ್ದಳು.

ಮತ್ತೆ ಮುಟ್ಟಿದಳು. ಹುಳ ತನ್ನ ಪಾಡಿಗೆ ತಾನು ಬಳುಕುತ್ತ ಮುಂದೆ ಸಾಗಿತು.

"ಸುಸ್ತಾಗಿದೆಯೇನೋ."

"ಸುಸ್ತಾಗಿದ್ರೆ ಹೀಗೆ ಓಡಾಡ್ತಿರ್ಲಿಲ್ಲ ಸರ್," ಎನ್ನುವಾಗಲೇ ಅವಳಿಗೆ ಹೊಳೆಯಿತು. ಹಿರಿಯರ ಮುಂದೆ ಎಲ್ಲಿ ಕೈಕೊಡುತ್ತದೋ ಎಂಬ ಅಂಜಿಕೆಗೆ ಬೆಳಗಿನಿಂದ ಇದೇ ತಟ್ಟೆಯ ಹುಳಗಳನ್ನು ಮುಟ್ಟಿ ಮುಟ್ಟಿ ನೋಡಿದ್ದಳು.

ಇನ್ನೂ ಮುಟ್ಟದ ಹುಳಗಳ ತಟ್ಟೆಯೊಂದು ಪಕ್ಕದಲ್ಲೇ ಇತ್ತು. ಕೈ ಅತ್ತ ಹೋಯಿತು, ಅಲ್ಲೇ ನಿಂತಿತು.

"ತಪ್ಪು ನಂದೇ ಸರ್. ಬೆಳಗಿಂದ ಕೆಣಕಿ ಕೆಣಕಿ ಅಭ್ಯಾಸ ಮಾಡಿಸ್ಬಿಟ್ಟಿದೀನಿ. ಇವಳದ್ದು ಇದ್ದದ್ದೇ ಬಿಡು ಅಂತ ಸುಮ್ನಾಗಿವೆ."

ಹಿರಿಯರು ಹುಬ್ಬು ಗಂಟಿಕ್ಕಿದರು. ದಟ್ಟ ಬಿಳಿ ಹುಬ್ಬು; ಎಷ್ಟೋ ಅರ್ಜಿಗಳು ಅದರಡಿ ಸಿಕ್ಕಿ ನಜ್ಜುಗುಜ್ಜಾಗಿವೆ ಎಂದು ಪ್ರತೀತಿ.

"ಅಂದ್ರೆ, ಇದಕ್ಕೆ ನೆನಪಿದೆ?"

"ಸ್ವಲ್ಪ ಹೊತ್ತು. ಆಮೇಲೆ ಮರೀತವೆ."

"ಹೆದರಬೇಡ, ಓಡಬೇಡ ಅಂತ ಒಳಗೆ ಯಾರು ಹೇಳ್ತಾರಮ್ಮಾ ಇದಕ್ಕೆ?"

"ಗೊತ್ತಿಲ್ಲ ಸರ್. ಅದನ್ನೇ ಹುಡುಕ್ತಿರೋದು."

"ಅರ್ಜೀಲಿ ಹೀಗೆ ಬರೆದಿದ್ರೆ ಓದ್ತಾ ಓದ್ತಾ ನಿದ್ದೆ ಹೋಗ್ತಿರ್ಲಿಲ್ಲ ನಾನು." ಅವರು ಕುರ್ಚಿ ಎಳೆದುಕೊಂಡರು. "ಮರೀಲಿ. ಕಾಯೋಣ."

ಹಿರಿಯರ ಕಾರಿನ ಚಾಲಕ ಬಾಗಿಲಲ್ಲಿ ಇಣುಕಿ, ಕೆಮ್ಮಿ, ಹೊರಟುಹೋದ. ಇಬ್ಬರೂ ಪ್ರಾರ್ಥನೆಗೆ ಕೂತವರಂತೆ ಕೂತರು. ಗಾಜಿನಡಿ ಆ ಸಣ್ಣ ಜೀವಗಳು ತಮ್ಮಷ್ಟಕ್ಕೆ ಮೇಯುತ್ತಿದ್ದವು.

ಸಾಕಷ್ಟು ಹೊತ್ತಾಯಿತೆಂದು ಅವಳು ಕಡ್ಡಿ ಎತ್ತಿದರೆ ತುದಿಯಲ್ಲಿ ಕೂದಲಿಲ್ಲ. ಮೇಜು ತಡವಿದಳು, ಸೆರಗು ಕೊಡವಿದಳು. ಕೊನೆಗೆ ತನ್ನ ಹುಬ್ಬಿಗೇ ಬೆರಳು ಒಯ್ದಳು.

"ತಡೀರಮ್ಮಾ," ಎಂದರು ಹಿರಿಯರು.

ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಮುಖವನ್ನು ದೀಪದ ಬೆಳಕಿಗೆ ಒಡ್ಡಿದರು.

"ಮೆತ್ತಗಿರೋದು ನೋಡಿ ಆರಿಸ್ಕೊಳ್ಳಿ."

ಹುಳದಕ್ಕ ಚಿಮುಟ ಎತ್ತಿಕೊಂಡಳು.