ಶಾಕವ್ರತದ ಮೆಣಸಿನಕಾಯಿ

ಕೆಂಪಗೆ ಏನೋ ಇತ್ತು, ಮನೆ ನಡುವಿನ ತೊಟ್ಟಿಯ ಕಪ್ಪು ಕಲ್ಲಿನ ಮೇಲೆ, ಈಗತಾನೆ, ಕಣ್ಣಂಚಿನಲ್ಲಿ— ತಿರುಗಿ ನೋಡಿದರೆ ಇಲ್ಲ, ಬರೀ ಬಿಸಿಲು, ಸೂರಿನ ಹೆಂಚಿನ ಸಂದಿಯಿಂದ ಇಳಿದ ಬೆರಳಗಲದ ಬಿಸಿಲು, ಕಲ್ಲು ತೊಳೆದ ನೀರು ಇನ್ನೂ ಆರಿಲ್ಲ, ಅಂಬುಜಮ್ಮ ಹತ್ತಿ ಎಳೆದು ಹೊಸೆದಳು, ಹೂಬತ್ತಿ ನಲವತ್ತೊಂದೋ ನಲವತ್ತೆರಡೋ, ಎಣಿಕೆ ತಪ್ಪಿತು, ಅರವತ್ತಾರು ವರ್ಷದ ಬಾಳಿನಲ್ಲಿ ಬತ್ತಿಯ ಎಣಿಕೆ ತಪ್ಪಿದವಳಲ್ಲ, ಬುಧವಾರದಿಂದ ತಪ್ಪುತ್ತಿದೆ, ಗಿಣಿ ಆ ಕಲ್ಲಿನ ಮೇಲೆ ಮೆಣಸಿನಕಾಯಿ ಇಟ್ಟ ದಿನದಿಂದ. ಇಟ್ಟಿತು. ಬೀಳಿಸಿತು ಎಂದು ಮಗ ಪಂಢರಿನಾಥ ಹೇಳುತ್ತಾನೆ, ಅವನು ಆಫೀಸಿನಲ್ಲಿದ್ದ, ನೋಡಿದವಳು ಅವಳು. ಇವತ್ತು ಭಾನುವಾರ, ಹತ್ತು ಗಂಟೆಗೆ ಮೂರ್ ಮಾರ್ಕೆಟ್ಟಿನ ಹಕ್ಕಿಯವನು ಕತ್ತರಿ ತಗೊಂಡು ಬರುತ್ತಾನೆ, ಅಮ್ಮಾ ನೀನು ಒಂದು ಹೂಂ ಅನ್ನು ಸಾಕು, ಎರಡು ನಿಮಿಷದ ಕೆಲಸ, ಅದಕ್ಕೆ ನೋವೇ ಆಗಲ್ಲ, ನಮ್ಮ ಉಗುರು ಕತ್ತರಿಸಿದ ಹಾಗೆ, ಎಂದಿದ್ದಾನೆ ಮಗ. ಹೂಂ ಅನ್ನುವುದು ಈ ಮನೆಯಲ್ಲಿ ಅವಳ ಕೆಲಸ, ಉಪ್ಪಿನಕಾಯಿ ಜಾಡಿ ತೆಗೆಯಲಿಕ್ಕೆ, ಸೊಸೆ ತವರಿಗೆ ಹೋಗಲಿಕ್ಕೆ, ಗಿಣಿಯ ರೆಕ್ಕೆಗೆ. ತಲೆಯ ಮೇಲೆ ಪಂಜರ ತೂಗುತ್ತಿದೆ, ಬಾಗಿಲಿಗೆ ಸೊಸೆ ಕೌಸಲ್ಯಾ ಎರಡು ಸುತ್ತು ತಂತಿ ಬಿಗಿದಿದ್ದಾಳೆ, ಒಳಗೆ ಅದು ಒಂದು ಕಾಲಿನ ಮೇಲೆ ನಿಂತು ಒಂದೇ ಕಣ್ಣಿನಿಂದ ಅವಳನ್ನು ನೋಡುತ್ತಿದೆ, ಕಣ್ಣಿನ ಕರಿ ಬೊಟ್ಟು ಸಣ್ಣದಾಗುತ್ತದೆ, ದೊಡ್ಡದಾಗುತ್ತದೆ, ಏನನ್ನೋ ಓದುತ್ತಿರುವ ಹಾಗೆ.

ಕಿಳಿ ಎಂದು ಹೆಸರಿಟ್ಟವಳು ಬೇಬಿ, ಮೊಮ್ಮಗಳು, ಏಳು ವರ್ಷ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ, ಗಿಣಿ ಅನ್ನು ಎಂದರೆ ಅದುಕ್ಕು ತಮಿಳ್ ಮಟ್ಟುಂದಾನ್ ತೆರಿಯುಂ ಪಾಟ್ಟಿ, ಅಜ್ಜಿ ಅದಕ್ಕೆ ತಮಿಳು ಮಾತ್ರ ಗೊತ್ತು ಅಂತ. ಹೋದ ದೀಪಾವಳಿಗೆ ತಂದಾಗ ಎರಡೂ ರೆಕ್ಕೆ ಮೊಂಡು, ನೆಲದ ಮೇಲೆ ಬಾತುಕೋಳಿಯ ಹಾಗೆ ನಡೆಯುತ್ತಿತ್ತು, ಅವಳು ಕಣ್ಣೆತ್ತಿ ನೋಡಿರಲಿಲ್ಲ, ಮಡಿಗೆ ತಾಗದಿದ್ದರೆ ಸಾಕು ಎಂದಿದ್ದಳು. ಬೇಸಿಗೆಯಲ್ಲಿ ಆ ಮೊಂಡು ಗರಿಗಳು ಒಂದೊಂದಾಗಿ ಪಂಜರದ ತಳಕ್ಕೆ ಬಿದ್ದವು, ಎಲ್ಲದರ ತುದಿ ಕತ್ತರಿಸಿದ ಕಾಗದದಷ್ಟು ನೇರ, ಬಿದ್ದ ಕಡೆಯೇ ಹೊಸದು ಹುಟ್ಟಿತು, ಎಡಕ್ಕೊಂದು ಬಿದ್ದರೆ ಬಲಕ್ಕೊಂದು, ಯಾರು ಹೇಳಿಕೊಟ್ಟರು ಅದಕ್ಕೆ ಈ ಸರದಿ, ಮೈ ತನ್ನ ಪಾಡಿಗೆ ತಾನು ಲೆಕ್ಕ ಇಟ್ಟುಕೊಂಡಿತ್ತು— ಆಮೇಲೆ ಆಷಾಢ ಬಂತು, ಚಾತುರ್ಮಾಸ್ಯದ ಮೊದಲ ತಿಂಗಳು, ಶಾಕವ್ರತ, ತರಕಾರಿ ಇಲ್ಲ, ಸೊಪ್ಪಿಲ್ಲ, ಹುಣಿಸೆಹಣ್ಣಿಲ್ಲ, ಮೆಣಸಿನಕಾಯಿ ಹೊಸ್ತಿಲು ದಾಟುವ ಹಾಗಿಲ್ಲ, ಹೆಸರುಬೇಳೆಗೆ ಕಾಳುಮೆಣಸು ಜೀರಿಗೆ ಅಷ್ಟೇ, ಹನ್ನೊಂದನೆಯ ವಯಸ್ಸಿನಲ್ಲಿ ಈ ಮನೆಗೆ ಬಂದಾಗಿನಿಂದ ಹಾಗೇ, ಆದ್ದರಿಂದ ಗಿಣಿಗೂ ಹಾಗೇ, ನೆನೆಸಿದ ಹೆಸರುಕಾಳು, ಹಾಲನ್ನ. ಕೌಸಲ್ಯಾ ನಕ್ಕಿದ್ದಳು, ಅತ್ತೆ, ಏಕಾದಶಿ ದಿವಸ ಅದನ್ನೂ ಮಠಕ್ಕೆ ಕರಕೊಂಡು ಹೋಗಿದ್ರೆ ಸ್ವಾಮಿಗಳು ಅದರ ತೋಳಿಗೂ ಒಂದು ಬಿಸಿ ಮುದ್ರೆ ಒತ್ತಿಬಿಡ್ತಿದ್ರು, ಪೂರ್ತಿ ಮಾಧ್ವ ಆಗ್ತಿತ್ತು. ನಗು ಬಾಯೊಳಗೇ ಇರಲಿ ಎಂದಿದ್ದಳು ಅಂಬುಜಮ್ಮ, ಈ ಮನೆ ಅನ್ನ ತಿನ್ನೋದು ಅಂದ್ಮೇಲೆ ಈ ಮನೆ ವ್ರತ. ಏಳನೆಯ ದಿನ, ಬುಧವಾರ, ಬೇಬಿ ಪಂಜರದ ಬಾಗಿಲು ಹಾಕುವುದನ್ನು ಮರೆತಳು.

ಮೊದಲು ಪಂಜರದ ಮೇಲೆ, ಆಮೇಲೆ ಸೂರಿನ ಅಂಚಿಗೆ, ಆಮೇಲೆ ಬರೀ ಆಕಾಶ, ಬೇಬಿಯ ಕೂಗು ಪಾರ್ಥಸಾರಥಿ ಗುಡಿಯವರೆಗೆ ಕೇಳಿಸಿರಬೇಕು, ಕೌಸಲ್ಯಾ ಬರಿಗಾಲಲ್ಲಿ ಬೀದಿಗೆ ಓಡಿದಳು, ಅಂಬುಜಮ್ಮ ಹೋದರೆ ಹೋಗಲಿ ಎಂದು ಬತ್ತಿ ಹೊಸೆಯುತ್ತ ಕೂತಳು, ಗೋಡೆಯ ಗಡಿಯಾರದಲ್ಲಿ ಇಪ್ಪತ್ತೆಂಟು ನಿಮಿಷ— ಆಗ ತೊಟ್ಟಿಯ ಮೇಲಿನ ಬೆಳಕು ಒಮ್ಮೆ ಅಲುಗಿತು, ಕಲ್ಲಿನ ಮೇಲೆ ಅದು, ಕೊಕ್ಕಿನಲ್ಲಿ ಮೆಣಸಿನಕಾಯಿ, ಪಕ್ಕದ ಮೊದಲಿಯಾರ್ ಮನೆಯ ಹಿತ್ತಲಿನದೇ, ಹಣ್ಣಾಗಿ ಕೆಂಪು, ತೊಟ್ಟು ಇನ್ನೂ ಹಸಿರು. ಅವಳ ಮುಂದೆ ಇಟ್ಟಿತು. ಒಂದು ಕಣ್ಣಿನಿಂದ ನೋಡಿತು. ನಡೆದುಕೊಂಡು ಹೋಗಿ, ಪಂಜರದಿಂದ ಕೆಳಗೆ ಇಳಿಬಿದ್ದ ಸರಪಳಿ ಹಿಡಿದು ಹತ್ತಿ ಒಳಗೆ ಸೇರಿತು. ಹೊಟ್ಟೆ ತುಂಬಿದ್ದರಿಂದ ಬಿಟ್ಟಿರಬಹುದು, ಅದೂ ಇರಬಹುದು, ಇಲ್ಲ ಎಂದು ಅವಳು ಹೇಳಲಾರಳು, ಆದರೆ ಪಂಜರಕ್ಕೆ ಯಾಕೆ ಬಂತು, ಮೊದಲಿಯಾರ್ ಹಿತ್ತಲಿನಲ್ಲಿ ಸೀಬೆಮರ ಇದೆ, ಅದರಾಚೆ ಇಡೀ ತಿರುವಲ್ಲಿಕೇಣಿ ಇದೆ, ಸಂಜೆ ಮಹಡಿಯಿಂದ ನೋಡಿದರೆ ಗಿಣಿಗಳು ಗುಂಪು ಗುಂಪಾಗಿ ಅಡ್ಯಾರಿನ ಕಡೆ ಹೋಗುತ್ತವೆ, ಅಲ್ಲಿ ಒಂದು ಭಾರೀ ಆಲದ ಮರ ಇದೆಯಂತೆ, ನಾಲ್ಕೈದು ಮೈಲಿ, ಅವಳು ನೋಡಿಲ್ಲ, ಕುಂಭಕೋಣದಿಂದ ರೈಲಿನಲ್ಲಿ ತಂದು ಇಳಿಸಿದ ಮೇಲೆ ಅವಳು ಈ ಮನೆಯಿಂದ ಹೊರಗೆ ಹೋದದ್ದೆಲ್ಲ ಯಾರದೋ ಜೊತೆಗೆ, ಹೋಗಿಬರಲಾ ಎಂದು ಕೇಳಿದ ಮೇಲೆ. ಇದು ಕೇಳಲಿಲ್ಲ. ಹೋಯಿತು, ಬಂತು. ಮೆಣಸಿನಕಾಯಿಯನ್ನು ಬಾಳೆಲೆಯ ಚೂರಿನಿಂದ ಎತ್ತಿದಳು, ಎಸೆಯಬೇಕು ಎಂದೇ ಎತ್ತಿದ್ದು, ಹತ್ತಿ ಇಡುವ ಹಿತ್ತಾಳೆ ಡಬ್ಬಿಯ ತಳದಲ್ಲಿ ಇಟ್ಟಳು.

ಗುರುವಾರ ಮಧ್ಯಾಹ್ನ ಊಟವಾದ ಮೇಲೆ, ಎಲ್ಲರೂ ಮಲಗಿದ್ದಾಗ, ಕೌಸಲ್ಯಾ ಸುತ್ತಿದ್ದ ತಂತಿಯನ್ನು ಅವಳೇ ಬಿಚ್ಚಿದಳು. ಶುಕ್ರವಾರವೂ. ಎರಡು ದಿನವೂ ಬಂತು, ಬರಿಗೊಕ್ಕಿನಲ್ಲಿ, ಬಂದು ಆ ಕಲ್ಲಿನ ಮೇಲೇ ಇಳಿಯಿತು, ಅವಳ ಎದೆ ಹದಿನಾರರ ಹುಡುಗಿಯ ಎದೆಯ ಹಾಗೆ ಹೊಡೆದುಕೊಂಡಿತು, ಯಾರಿಗೂ ಹೇಳಲಿಲ್ಲ. ಶನಿವಾರ ಮೂರು ಕಾಗೆ ಅಟ್ಟಿಸಿಕೊಂಡು ಬಂದವು, ಗಿಣಿ ಸೂರಿಗೆ ಬಡಿದು ಬಿತ್ತು, ಬಾಯಿ ತೆರೆದು ಏದುಸಿರು, ಸದ್ದಿಗೆ ಕೌಸಲ್ಯಾ ಎದ್ದು ಬಂದು ನೋಡಿಬಿಟ್ಟಳು, ತಂತಿ ಹೇಗೆ ಬಿಚ್ಚಿಕೊಂಡಿತು ಅತ್ತೆ, ಗಿಣಿ ಕೊಕ್ಕಲ್ವಾ ಏನು ಬೇಕಾದ್ರೂ ಬಿಚ್ಚತ್ತೆ ಎಂದಳು ಅಂಬುಜಮ್ಮ, ವ್ರತದಲ್ಲಿ ಸುಳ್ಳು, ಅದೂ ಸೊಸೆಯ ಹತ್ತಿರ. ರಾತ್ರಿ ಊಟಕ್ಕೆ ಕೂತಾಗ ಪಂಢರಿ, ಇವತ್ತು ಕಾಗೆ, ನಾಳೆ ಗಿಡುಗ, ಮಗು ಕಣ್ಣೆದುರಿಗೆ ಸತ್ತರೆ ಏನಮ್ಮಾ ಮಾಡೋದು, ಕತ್ತರಿಸಿದ್ರೆ ಉಳಿಯತ್ತೆ. ಅದು ನಿಜ. ಕತ್ತರಿಸಿದರೆ ಉಳಿಯುತ್ತದೆ. ಪಂಜರದಲ್ಲಿ ಹತ್ತು ವರ್ಷ, ಹದಿನೈದು ವರ್ಷ, ಅವಳು ಹೋದ ಮೇಲೂ ಇರುತ್ತದೆ, ಆದರೆ ಇನ್ನು ಒಂದು ದಿನವೂ ಅದು ಅವಳ ಹತ್ತಿರ ಬರುವುದಿಲ್ಲ, ಇರುತ್ತದೆ, ಇರುವುದು ಬೇರೆ, ಬರುವುದು ಬೇರೆ, ಇಷ್ಟು ವರ್ಷದಲ್ಲಿ ಈ ಮನೆಗೆ ಬಂದವರೆಲ್ಲ ಕರೆದದ್ದಕ್ಕೆ ಬಂದರು, ಅವಳೂ ಸೇರಿ—

ಅಮ್ಮಾ ಬಂದಿದಾನೆ, ಪಂಢರಿಯ ಧ್ವನಿ, ಹಿಂದೆ ಹಕ್ಕಿಯವನು, ತಲೆಗೆ ಟವಲು, ತೋಳಿನ ಉದ್ದಕ್ಕೂ ಹಳೆಯ ಕಚ್ಚಿದ ಗುರುತು, ತೊಟ್ಟಿಯ ಆಚೆ ಬದಿಯಲ್ಲೇ ನಿಂತ, ಅವಳ ಒದ್ದೆ ಮಡಿಸೀರೆ ನೋಡಿ ಅವನೇ ದೂರ ಸರಿದ, ಬಲ್ಲವನು. ಪಂಜರಕ್ಕೆ ಕೈ ಹಾಕಿದ್ದು ಕಾಣಲೇ ಇಲ್ಲ, ಕಂಡದ್ದು ಅವನ ಮುಷ್ಟಿಯೊಳಗೆ ಗಿಣಿ, ಎರಡು ಬೆರಳ ನಡುವೆ ಕತ್ತು, ಕಿರುಚಾಟ, ಬೇಬಿ ಕಿವಿ ಮುಚ್ಚಿಕೊಂಡಳು, ಅವನು ಇನ್ನೊಂದು ಕೈಯಿಂದ ಎಡರೆಕ್ಕೆಯನ್ನು ಎಳೆದು ಬಿಡಿಸಿದ, ಬಿಸಿಲಿಗೆ. ಅಯ್ಯೋ ಇದಾ. ಇಷ್ಟೊಂದಾ. ಹಸಿರು ಎಂದಷ್ಟೇ ಕಂಡದ್ದು ಕೆಳಗಿನಿಂದ ಬೂದಿಬಣ್ಣ, ಕಂಕುಳಲ್ಲಿ ಹಳದಿ, ಬೀಸಣಿಗೆಯ ಹಾಗೆ ಒಂದರ ಅರ್ಧ ಇನ್ನೊಂದರ ಅಡಿಗೆ, ಬಿಸಿಲು ಹಾದು ಬಂದು ಅವನ ಕೈಯ ಮೇಲೆ ನೆರಳಿನ ಪಟ್ಟಿ, ಹತ್ತು, ದೊಡ್ಡ ಗರಿ ಹತ್ತು, ಮತ್ತೆ ಎಣಿಸಿದಳು, ಹತ್ತೇ, ಈ ಎಣಿಕೆ ತಪ್ಪಲಿಲ್ಲ. ತುದಿಯದು ಪೂರ್ತಿ ಬಿಚ್ಚಿರಲಿಲ್ಲ, ಬುಡದಲ್ಲಿ ಒರೆ, ಒರೆಯೊಳಗೆ ಕಪ್ಪು ಕೆಂಪು, ಇದಿಲೆ ರತ್ತಂ ಓಡುದು ಪಾಟ್ಟಿ, ಇದನ್ನು ಮುಟ್ಟಲ್ಲ, ಮಿಕ್ಕದ್ದು ವೆಟ್ಟಟ್ಟುಮಾ, ಕತ್ತರಿಸಲಾ ಎಂದ ಅವನು. ರಕ್ತ ಇನ್ನೂ ಓಡುತ್ತಿದೆ, ಇನ್ನೂ ಮಾಡುತ್ತಿದೆ, ಹೆಸರುಕಾಳು ಹಾಲನ್ನ ತಿಂದು, ಅವಳ ವ್ರತದ ಅನ್ನವನ್ನೇ ತಿಂದು ಇದನ್ನು ಮಾಡಿದೆ. ಕಾಗೆ ಕುಕ್ಕಿದ ಕಡೆ ಒಂದು ಗರಿ ಸೀಳಿತ್ತು, ಹಕ್ಕಿಯವನು ಸುಮ್ಮನೆ, ಅಭ್ಯಾಸಕ್ಕೆ, ಹೆಬ್ಬೆರಳಿನಿಂದ ಬುಡದಿಂದ ತುದಿಗೆ ಸವರಿದ, ಸೀಳು ಕೂಡಿಕೊಂಡಿತು. ಹೊಲಿಗೆ ಇಲ್ಲದೆ. ಮತ್ತೊಮ್ಮೆ ಮಾಡು ಎಂದಳು ಅವಳು. ಅವನು ಉಗುರಿನಿಂದ ಸೀಳಿದ, ಸವರಿದ, ಕೂಡಿತು. ಆಮೇಲೆ ಅವನು ಜೇಬಿನಿಂದ ಕತ್ತರಿ ತೆಗೆದು ಎರಡು ಸಲ ಗಾಳಿಯಲ್ಲಿ ಆಡಿಸಿದ, ಆ ಸದ್ದು ಅವಳಿಗೆ ಗೊತ್ತು, ಕಿವಿಯ ಪಕ್ಕದಿಂದ ಗೊತ್ತು, ಇಪ್ಪತ್ತೊಂಬತ್ತನೆಯ ವಯಸ್ಸು, ಇದೇ ಮನೆಯ ಹಿತ್ತಲು, ಗಂಡ ಹೋಗಿ ಹತ್ತು ದಿನ, ಯಾರೂ ಕೇಳಿರಲಿಲ್ಲ— ಬೇಡ, ಅದಲ್ಲ, ಈಗ ಅದಲ್ಲ, ತಲೆಯ ಮೇಲಿನ ಸೆರಗು ಎಳೆದುಕೊಂಡು ಎದ್ದಳು, ತೊಟ್ಟಿ ದಾಟಿದಳು, ಅತ್ತೆ ಮಡಿ ಎಂದು ಕೌಸಲ್ಯಾ ಒಳಗಿನಿಂದ, ಅಂಬುಜಮ್ಮ ತೋರುಬೆರಳು ಚಾಚಿ, ಕೊಸರಾಟಕ್ಕೆ ಮತ್ತೆ ಸೀಳಿದ್ದ ಆ ಗರಿಯನ್ನು ಬುಡದಿಂದ ತುದಿಯವರೆಗೆ ಸವರಿದಳು. ಕೂಡಿತು. ಅವಳ ಬೆರಳಿಗೂ ಕೂಡಿತು. ರೆಕ್ಕೆಯ ಬುಡ ಬಿಸಿ ಇತ್ತು, ಒಳಗೆ ಏನೋ ಡವಡವ ಎನ್ನುತ್ತಿತ್ತು, ಬೆರಳಿನದೋ ಅದರದೋ.

ಬೇಡ ಎಂದಳು. ಏನು ಬೇಡಮ್ಮಾ, ಪಂಢರಿ. ಕತ್ತರಿ ಬೇಡ, ಬಿಟ್ಟುಬಿಡು ಅನ್ನು ಅವನಿಗೆ. ಕಾಗೆ ಕಣಮ್ಮಾ. ಗೊತ್ತು. ಹಕ್ಕಿಯವನು ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡಿ ಮುಷ್ಟಿ ಸಡಿಲಿಸಿದ, ಹಸಿರು ಒಂದು ಸಲ ಅವಳ ಕೆನ್ನೆಗೆ ಗಾಳಿ ಹಾಕಿ ಮೇಲೆ ಹೋಯಿತು, ಸೂರಿನಂಚಿನಲ್ಲಿ ನಿಲ್ಲಲೇ ಇಲ್ಲ, ಇವತ್ತು ಕತ್ತು ಹಿಡಿದಿದ್ದಾರೆ, ಇವತ್ತು ಅದು ನಿಲ್ಲುವುದಿಲ್ಲ. ಇನ್ನು ಬಂದ ಹಾಗೇ ಎಂದು ಕೌಸಲ್ಯಾ ಪಂಜರದ ತಳದ ಕಾಗದ ತೆಗೆದಳು, ಬಾವಿಗೆ ಬಿಂದಿಗೆ ಇಳಿಸಿದಳು, ಅತ್ತೆಗೆ ಮತ್ತೆ ಸ್ನಾನ, ಅಡುಗೆಗೆ ಹನ್ನೆರಡಾಗತ್ತೆ, ಎಲ್ಲರೂ ಹಸ್ಕೊಂಡಿರಿ, ಗಿಣಿ ಮುಟ್ಟಿ ಪುಣ್ಯ ಬಂತು. ತಣ್ಣೀರು ತಲೆಯ ಮೇಲೆ, ಎರಡು ಬಿಂದಿಗೆ, ಮೂರು, ಬೆರಳಿನ ತುದಿಯಲ್ಲಿ ಆ ಬಿಸಿ ಹೋಗಲಿಲ್ಲ. ಒದ್ದೆ ಸೀರೆಯಲ್ಲಿ ಬಂದು ಕೂತಳು, ಗೋಡೆಯ ಗಡಿಯಾರದಲ್ಲಿ ಇಪ್ಪತ್ತೆಂಟು ನಿಮಿಷ ಆಯಿತು, ನಲವತ್ತಾಯಿತು, ಬೇಬಿ ಬಂದು ಪಕ್ಕದಲ್ಲಿ, ಸ್ವಲ್ಪ ದೂರದಲ್ಲಿ, ಮೊಳಕಾಲು ಕಟ್ಟಿಕೊಂಡು ಕೂತಳು, ಪಾಟ್ಟಿ, ಕಿಳಿ ತಿರುಂಬಿ ವರುಮಾ. ತಿರುಗಿ ಬರುತ್ತದೆಯೇ ಎಂದು ಕೇಳುತ್ತಿದೆ ಮಗು, ತಿಥಿ ಯಾವಾಗ, ಗ್ರಹಣ ಎಷ್ಟು ಹೊತ್ತಿಗೆ, ಯಾರು ಯಾರಿಗೆ ಏನಾಗಬೇಕು, ಎಲ್ಲಕ್ಕೂ ಉತ್ತರ ಇದ್ದ ಬಾಯಿ ತೆರೆಯಿತು, ಗೊತ್ತಿಲ್ಲ ಕಣೇ ಎಂದಿತು, ಹೇಳಿದ ಮೇಲೆ ಎಷ್ಟು ಹಗುರ, ಎಷ್ಟು ದೊಡ್ಡದು, ಮೇಲೆ ತೊಟ್ಟಿಯಷ್ಟೇ ಅಗಲದ ಆಕಾಶ, ಅದರಾಚೆ ಇರುವುದೆಲ್ಲ, ಅಡ್ಯಾರು, ಆಲದ ಮರ, ಅವಳು ನೋಡದೆ ಇರುವುದೆಲ್ಲ. ಹತ್ತಿಯ ಡಬ್ಬಿಯ ತಳಕ್ಕೆ ಕೈ ಹೋಯಿತು. ಬಾಳೆಲೆಯ ಚೂರು ಒಣಗಿತ್ತು, ಅವಳು ಅದನ್ನು ಬಿಟ್ಟು ಬರಿಗೈಯಲ್ಲೇ ಮೆಣಸಿನಕಾಯಿ ಎತ್ತಿದಳು, ವ್ರತದ ಹನ್ನೊಂದನೆಯ ದಿನ, ಕಲ್ಲಿನ ಮೇಲೆ ಇಟ್ಟಳು. ಬೀಳಿಸಲಿಲ್ಲ. ಇಟ್ಟಳು. ಒದ್ದೆ ಕಪ್ಪು ಕಲ್ಲು, ಸ್ವಲ್ಪ ಬಾಡಿದ ತೊಟ್ಟು, ಕೆಂಪು.