ಫನಿಕಾನ ಪಕ್ಕೆಲುಬುಗಳು

ಫನಿಕಾ ಕುಸಿದು ಬಿದ್ದಾಗ ಜನ ಚಪ್ಪಾಳೆ ತಟ್ಟಿದರು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಮ್ಮ ಬ್ರಯಿಲಾ ಊರಿನಲ್ಲಿ ಎಷ್ಟೋ ವರ್ಷಗಳಿಂದ ಮದುವೆಗಳಿಗೆ ಅಕಾರ್ಡಿಯನ್ ನುಡಿಸುತ್ತಿದ್ದ ಫನಿಕಾ, ಹಾಡು ರಂಗೇರಿದಾಗ ಮದುಮಗಳ ಮುಂದೆ ಮೊಣಕಾಲೂರಿ, ತಲೆ ನೆಲಕ್ಕೆ ತಾಗುವಷ್ಟು ಹಿಂದಕ್ಕೆ ಬಾಗಿ ನುಡಿಸುತ್ತಿದ್ದ. ಅದನ್ನು ನೋಡಬೇಕೆಂದೇ ಅವನನ್ನು ಕರೆಸುವವರಿದ್ದರು. ಆ ಶನಿವಾರ ಮಧ್ಯಾಹ್ನವೂ ಅದೇ ಆಟ ಎಂದುಕೊಂಡರು. ಆದರೆ ವಾದ್ಯ ಗೊರಗೊರ ಸದ್ದು ಮಾಡಿ, ಇದ್ದ ಗಾಳಿಯನ್ನೆಲ್ಲ ಬಿಟ್ಟು ಸುಮ್ಮನಾಯಿತು.

ಅವನ ಕಣ್ಣುಗುಡ್ಡೆ ಮೇಲಕ್ಕೆ ಹೊರಳಿದ್ದು ಕಂಡದ್ದು ಮದುಮಗಳು ರುಕ್ಸಾಂದ್ರಾಗೆ ಮಾತ್ರ. ಅವನಿಗೆ ಅಷ್ಟು ಹತ್ತಿರದಲ್ಲಿ ನಿಂತಿದ್ದವಳು ಅವಳೊಬ್ಬಳೇ.

ನಾನು ಓತಿಲ್ಯಾ, ಅಗ್ನಿಶಾಮಕ ದಳದವಳು. ನಮ್ಮಲ್ಲಿ ಬೆಂಕಿ ಆರಿಸುವ ಗಾಡಿ ಹೊರಡುವ ಠಾಣೆಯಿಂದಲೇ ಆಂಬುಲೆನ್ಸೂ ಹೊರಡುತ್ತದೆ. ನಿಜ ಹೇಳಬೇಕೆಂದರೆ ಬೆಂಕಿಗಿಂತ ಎದೆನೋವು, ಅಪಘಾತ, ಹೆರಿಗೆ ಅಂತ ಓಡುವುದೇ ಹೆಚ್ಚು. ಆ ಹೊತ್ತಿಗೆ ನಾನೂ ಚಾಲಕ ನೆಕುಲಾಯಣ್ಣನೂ ಬೀನ್ಸ್ ಸೂಪಿನ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದೆವು. ಕರೆ ಬಂತು. ಗಾಡಿ ಗೇಟು ದಾಟುವಷ್ಟರಲ್ಲಿ ವೈರ್‌ಲೆಸ್‌ನಲ್ಲಿ ನಿಯಂತ್ರಣ ಕೊಠಡಿಯವಳು ಹೇಳಿದಳು: "ಒಬ್ಬ ಹುಡುಗಿ ಎದೆ ಒತ್ತುತಾ ಇದಾಳೆ, ನಾನು ಫೋನಲ್ಲಿ ಲೆಕ್ಕ ಹೇಳ್ತಾ ಇದೀನಿ. ಸುತ್ತ ಇರೋರು ಅವಳನ್ನ ಎಳೀತಾ ಇದಾರೆ. ಬೇಗ ಹೋಗಿ."

"ಎಳೀತಾ ಇದಾರಾ? ಯಾಕೆ?" ಎಂದ ನೆಕುಲಾಯಣ್ಣ.

ಯಾಕೆಂದು ಹೋದ ಮೇಲೆ ಗೊತ್ತಾಯಿತು. ಐದಂತಸ್ತಿನ ವಸತಿ ಕಟ್ಟಡದ ಅಂಗಳ. ಲಿಂಡನ್ ಮರದ ಕೆಳಗೆ ಮೇಜು, ಮೇಜಿನ ಮೇಲೆ ವೈನು, ಕೇಕು. ಎದೆಗೆ ಹೂವು ಸಿಕ್ಕಿಸಿಕೊಂಡ ನೆಂಟರೆಲ್ಲ ಚರ್ಚಿಗೆ ಹೊರಟು ನಿಂತವರು. ಅವರ ನಡುವೆ ಸಿಮೆಂಟು ನೆಲದ ಮೇಲೆ ಬಿಳಿ ಉಡುಪಿನ ರುಕ್ಸಾಂದ್ರಾ ಮೊಣಕಾಲೂರಿದ್ದಳು. ತಲೆಯ ಮುಸುಕನ್ನು ಹಿಂದಕ್ಕೆ ಗಂಟು ಹಾಕಿಕೊಂಡು, ಎರಡೂ ಕೈ ಸೇರಿಸಿ ಫನಿಕಾನ ಎದೆಯನ್ನು ಒತ್ತುತ್ತಿದ್ದಳು. ಪಕ್ಕದಲ್ಲಿ ಬಿದ್ದಿದ್ದ ಫೋನಿನಿಂದ ಎಣಿಕೆ ಕೇಳಿಸುತ್ತಿತ್ತು. ಅವಳ ತೋಳು ಹಿಡಿದು ಒಬ್ಬ ಹೆಂಗಸು ಎಳೆಯುತ್ತಿದ್ದಳು: "ಏಳೇ, ಏಳು! ಮದುವೆ ದಿನ ಹೆಣ ಮುಟ್ತೀಯೇನೇ? ಎದ್ದೇಳು!"

ಆಕೆ ದೋರಿನಾ, ಮದುಮಗನ ತಾಯಿ. ಮದುಮಗ ಔರೆಲ್ ಇಬ್ಬರ ನಡುವೆ ನಿಂತು, "ಅಮ್ಮಾ, ಬಿಡಮ್ಮಾ" ಅನ್ನುವುದನ್ನು ಬಿಟ್ಟು ಬೇರೇನೂ ತೋಚದೆ ಕೈ ಹಿಸುಕಿಕೊಳ್ಳುತ್ತಿದ್ದ.

ನಮ್ಮ ಸಮವಸ್ತ್ರ ಕಂಡದ್ದೇ ದೋರಿನಾ ನನ್ನ ಕಡೆ ತಿರುಗಿದಳು. "ಬಂದ್ರಾ? ಎತ್ಕೊಂಡು ಹೋಗಿ ಮೊದಲು. ಆಸ್ಪತ್ರೇಲಿ ಏನಾದ್ರೂ ಮಾಡ್ಕೊಳ್ಳಿ. ಇಲ್ಲಿ ಬೇಡ, ಮದುವೆ ಬಾಗಿಲಲ್ಲಿ ಬೇಡ."

"ಎತ್ತಿದ್ರೆ ಸಾಯ್ತಾನೆ. ಇಲ್ಲೇ ಆಗ್ಬೇಕು," ಎಂದೆ.

"ಸತ್ತೇ ಹೋಗಿದಾನಲ್ಲಮ್ಮ! ಕಣ್ಣು ಕಾಣಲ್ವಾ ನಿಂಗೆ?"

ನಾನು ಕೂತು ಫನಿಕಾನ ಕಸೂತಿಯ ಅಂಗಿ ಕತ್ತರಿಸಿದೆ. ರುಕ್ಸಾಂದ್ರಾಳ ಒತ್ತುವಿಕೆ ಚೆನ್ನಾಗಿತ್ತು. ತೋಳು ನೆಟ್ಟಗೆ, ಮೈಭಾರವೆಲ್ಲ ಕೆಳಕ್ಕೆ. ಅವಳು ಗಾರ್ಮೆಂಟ್ಸಿನಲ್ಲಿ ದಿನವಿಡೀ ಇಸ್ತ್ರಿ ಒತ್ತುವವಳು ಎಂದು ಆಮೇಲೆ ತಿಳಿಯಿತು. "ನಿಲ್ಲಿಸ್ಬೇಡ, ನಾನು ಹೇಳೋವರೆಗೂ ಒತ್ತು," ಎಂದು, ನಿಂತ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಪಟ್ಟಿಗಳನ್ನು ಅವನ ಎದೆಗೆ ಅಂಟಿಸಿದೆ.

ಅಷ್ಟರಲ್ಲಿ ನೆಕುಲಾಯಣ್ಣ ವೈನು ಚೆಲ್ಲಿದರೂ ಲೆಕ್ಕಿಸದೆ ಮೇಜಿನ ಬಟ್ಟೆಯನ್ನು ಸರ್ರನೆ ಎಳೆದುಕೊಂಡು ದೋರಿನಾಳ ಕೈಗೆ ಕೊಟ್ಟ. "ಅಮ್ಮಾ, ಇದನ್ನ ಹಿಡ್ಕೊಂಡು ಹೀಗೆ ಅಡ್ಡ ನಿಂತ್ಕೊಳ್ಳಿ. ಜನ ನೋಡೋದು ಬೇಡ. ನಿಮ್ಮಂಥ ಗಟ್ಟಿಗಿತ್ತಿ ಬೇರೆ ಯಾರೂ ಕಾಣಲ್ಲ ಇಲ್ಲಿ."

ಆಕೆ ಅವನನ್ನು ದುರುಗುಟ್ಟಿ ನೋಡಿದಳು. ಏನೋ ಬೈಯುತ್ತಾಳೆಂದುಕೊಂಡೆ. ಆದರೆ ಬಟ್ಟೆಯ ಎರಡು ತುದಿ ಹಿಡಿದು, ಕೈ ಅಗಲಿಸಿ, ಜನರಿಗೆ ಅಡ್ಡವಾಗಿ ನಿಂತಳು.

"ಯಾರೂ ಮುಟ್ಬೇಡಿ!" ಎಂದು ಕೂಗಿ ಗುಂಡಿ ಒತ್ತಿದೆ. ಫನಿಕಾನ ಮೈ ಒಮ್ಮೆ ಜಿಗಿದು ಬಿತ್ತು. ಏನೂ ಆಗಲಿಲ್ಲ. ರುಕ್ಸಾಂದ್ರಾ ಮತ್ತೆ ಕೈ ಚಾಚಿದಳು. ಆಗ ನೋಡಿದೆ, ಅವಳ ತೋಳು ಸೋತು ಮೊಣಕೈ ಮಡಚಿಕೊಳ್ಳುತ್ತಿತ್ತು. "ಸಾಕು ಪುಟ್ಟಾ, ನೀನು ಈ ಕಡೆ ಸರ್ಕೊ," ಎಂದು ನೆಕುಲಾಯಣ್ಣ ಅವಳ ಜಾಗದಲ್ಲಿ ಕೂತ. ನಾನು ಫನಿಕಾನ ಮುಖಕ್ಕೆ ಮಾಸ್ಕ್ ಹಿಡಿದು, ಅದರ ಗಾಳಿಚೀಲ ಹಿಸುಕಿ ಉಸಿರು ತುಂಬಿದೆ. ಎರಡನೆಯ ಸಲ ಗುಂಡಿ ಒತ್ತಿದೆ. ಮತ್ತೆ ಎದೆ ಒತ್ತಿದೆವು, ಮತ್ತೆ ಗಾಳಿ ತುಂಬಿದೆವು. ನಮ್ಮ ಹಿಂದೆಯೇ ಹೊರಟಿದ್ದ ವೈದ್ಯರ ಗಾಡಿಯ ಸೈರನ್ನು ಬೀದಿಯ ಮೂಲೆಯಲ್ಲಿ ಕೇಳುವ ಹೊತ್ತಿಗೆ ಫನಿಕಾ ಕೈಯೆತ್ತಿ ನೆಕುಲಾಯಣ್ಣನ ಮಣಿಕಟ್ಟನ್ನು ತಳ್ಳಿದ. ಕುತ್ತಿಗೆಯಲ್ಲಿ ನನ್ನ ಬೆರಳಿಗೆ ನಾಡಿ ಸಿಕ್ಕಿತು.

"ಬದುಕಿದ," ಎಂದೆ. ಮೇಜುಬಟ್ಟೆ ಹಿಡಿದಿದ್ದ ದೋರಿನಾ ಶಿಲುಬೆಯ ಗುರುತು ಮಾಡಿಕೊಳ್ಳಲು ಹೋಗಿ, ಕೈ ಖಾಲಿಯಿಲ್ಲದೆ ಬಟ್ಟೆಸಮೇತ ಮಾಡಿಕೊಂಡಳು.

ವೈದ್ಯರು ಸೂಜಿ ಚುಚ್ಚಿ, ಸ್ಟ್ರೆಚರ್ ಗಾಡಿಗೇರಿಸುವಾಗ ರುಕ್ಸಾಂದ್ರಾ ಓಡಿ ಬಂದು ನನ್ನ ತೋಳು ಹಿಡಿದಳು. "ಅಕ್ಕಾ, ಅವರ ಒಳಗೆ ಏನೋ ಮುರೀತು. ನನ್ನ ಕೈಯಿಂದ್ಲೇ ಮುರೀತು. ಲಟಕ್ ಅಂತು." ನಾನು, "ಆಮೇಲೆ ಮಾತಾಡೋಣ," ಎಂದು ಬಾಗಿಲು ಹಾಕಿಕೊಂಡೆ.

ಮದುವೆ ನಿಲ್ಲಲಿಲ್ಲ. ಪಾದ್ರಿ ಕಾಯುತ್ತಿದ್ದರು. ಬೇರೆ ಉಡುಪು ತರಿಸೋಣವೆಂದು ಯಾರೋ ಅಂದರಂತೆ, ದೋರಿನಾ, "ಮೊಣಕಾಲ ಹತ್ರ ಬಟ್ಟೆ ಹರಿದಿರೋದು ಕಂಡರೆ ಕಾಣ್ಲಿ, ನಡೀರಿ," ಎಂದು ಸೊಸೆಯನ್ನು ತಾನೇ ಕೈಹಿಡಿದು ಚರ್ಚಿಗೆ ಕರೆದೊಯ್ದಳಂತೆ.

ಮುಂದಿನ ವಾರ ರುಕ್ಸಾಂದ್ರಾ ಠಾಣೆಗೆ ಬಂದಳು. ಹೊಸ ಮದುಮಗಳ ಕಳೆಯೇ ಇರಲಿಲ್ಲ. ಕಣ್ಣು ಗುಳಿಬಿದ್ದಿತ್ತು. ನೆಕುಲಾಯಣ್ಣ, "ಬಾರಮ್ಮ, ನಮ್ಮಲ್ಲಿ ಕೆಲಸಕ್ಕೆ ಸೇರ್ಕೊ. ನಿನ್ನ ತೋಳಿನ ಮುಂದೆ ನಂದು ಏನೂ ಅಲ್ಲ," ಎಂದು ನಗಿಸಲು ನೋಡಿದ. ಅವಳು ನಗಲಿಲ್ಲ.

"ಅಕ್ಕಾ, ನಿದ್ದೆ ಬರ್ತಿಲ್ಲ. ಆ ಸದ್ದು ಕಿವೀಲೇ ಇದೆ. ಔರೆಲ್ ತಟ್ಟೆ ಇಟ್ರೂ ಬೆಚ್ಚಿಬೀಳ್ತೀನಿ."

"ಪಕ್ಕೆಲುಬು ಮುರಿಯೋದು ಸಾಮಾನ್ಯ ಕಣೇ. ಎದೆ ಒತ್ತುವಾಗ ನಾವು ಎಷ್ಟೋ ಜನರದ್ದು ಮುರಿದಿದೀವಿ. ಮೆತ್ತಗೆ ಒತ್ತಿದ್ರೆ ಅವನು ಇವತ್ತು ಇರ್ತಿರಲಿಲ್ಲ."

ತಲೆಯಾಡಿಸಿದಳು. ನಂಬಿದಂತೆ ಕಾಣಲಿಲ್ಲ. "ನಾನು ಅಷ್ಟು ಜೋರಾಗಿ ಒತ್ತಬಾರದಿತ್ತು," ಎಂದಳು ಮತ್ತೆ. ಮೊದಲ ದಿನ ಗಾಡಿ ಬಾಗಿಲು ಹಾಕುವ ಮುಂಚೆ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತೇನೋ ಎನ್ನಿಸಿತು. ನನ್ನ ಪಾಳಿ ಮುಗಿದಿತ್ತು. "ನಡಿ, ಅವನನ್ನೇ ಕೇಳೋಣ," ಎಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಫನಿಕಾ ದಿಂಬಿಗೊರಗಿ ಕೂತು ಪಕ್ಕದ ಹಾಸಿಗೆಯವನ ಜೊತೆ ಫುಟ್‌ಬಾಲ್ ಜಗಳದಲ್ಲಿದ್ದ. ಇವಳು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಆ ದಿನ ಬೆಳಿಗ್ಗೆ ಮನೆಯಲ್ಲಿ ಬೂಟು ಒರೆಸಿದ್ದಷ್ಟೇ ನೆನಪು, ಮದುವೆಮನೆಯೇ ನೆನಪಿಲ್ಲ ಎಂದ. ನಾನು ಹೇಳಿದೆ. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಇಷ್ಟು ಸಣಕಲಿಯಾ? ಅಲ್ಲ ಮಗಾ, ಡಾಕ್ಟ್ರು ಎಕ್ಸ್‌ರೇ ಫೋಟೋ ತೋರ್ಸಿದಾಗ ಯಾವನೋ ಪೈಲ್ವಾನ ತುಳಿದಿದಾನೆ ಅಂದ್ಕೊಂಡಿದ್ದೆ!"

"ಕ್ಷಮಿಸಿ ಮಾವಾ," ಎಂದಳು.

"ಏನ್ ಕ್ಷಮಿಸೋದು? ಒಂದು ಪಕ್ಕದ್ದು ಮುರಿದು ಇನ್ನೊಂದು ಪಕ್ಕ ಬಿಟ್ಟಿದ್ರೆ ಕೋಪ ಮಾಡ್ಕೋತಿದ್ದೆ. ಎರಡೂ ಕಡೆ ಸಮ ಮಾಡಿದೀಯ!" ಎಂದು ನಗತೊಡಗಿದ. ನಕ್ಕ ಕೂಡಲೇ ನೋವು ಚುಚ್ಚಿತು. "ಅಯ್ಯಯ್ಯೋ, ನಗಿಸ್ಬೇಡ್ರೋ" ಎಂದು ದಿಂಬನ್ನು ಎದೆಗವಚಿಕೊಂಡ. ಕಣ್ಣಲ್ಲಿ ನೀರು. ನಗು ಮಾತ್ರ ನಿಲ್ಲಲಿಲ್ಲ.

ರುಕ್ಸಾಂದ್ರಾ ಗಾಬರಿಯಿಂದ ಅವನ ಕೈ ಹಿಡಿದಳು. ಅವನು ಅವಳ ಅಂಗೈಯನ್ನು ತೆಗೆದುಕೊಂಡು, ಮುರಿದ ಜಾಗದ ಮೇಲೇ ಮೆಲ್ಲಗೆ ಇಟ್ಟುಕೊಂಡ. "ನೋಡು, ಹೊಡ್ಕೊಳ್ತಾ ಇದೆ. ಕೇಳಿಸ್ಕೊ ಸ್ವಲ್ಪ ಹೊತ್ತು," ಎಂದ. ಅವಳು ಹಾಗೇ ನಿಂತಳು, ತುಟಿ ಕಚ್ಚಿಕೊಂಡು. ಆಮೇಲೆ ಅಳು ಬಂತು. ಪಕ್ಕದ ಹಾಸಿಗೆಯವನು ಮುಖ ಗೋಡೆಗೆ ತಿರುಗಿಸಿಕೊಂಡ.

ಬಹಳ ತಿಂಗಳು ಅಕಾರ್ಡಿಯನ್ ಹೊರಬಾರದೆಂದು ವೈದ್ಯರು ಅವನಿಗೆ ಹೇಳಿದ್ದರು. ಆಮೇಲೂ ಅವನು ಕೂತೇ ನುಡಿಸಿದ, ನೆಲಕ್ಕೆ ಬಾಗುವ ಆಟ ಬಿಟ್ಟ. ಮೊದಲಿನಷ್ಟು ಮದುವೆಗಳು ಸಿಗಲಿಲ್ಲ.

ಆ ಸಂಜೆ ಆಸ್ಪತ್ರೆಯಿಂದ ಹೊರಗೆ ಬಂದಾಗ ರುಕ್ಸಾಂದ್ರಾ ಮೂಗು ಒರೆಸಿಕೊಂಡು ಆಚೀಚೆ ನೋಡಿದಳು. "ಅಕ್ಕಾ, ಹೊಟ್ಟೆ ಹಸೀತಿದೆ," ಎಂದಳು. ಎದುರಿನ ಬೇಕರಿಯ ಕಿಟಕಿಯಲ್ಲಿ ಎಳ್ಳು ಹಚ್ಚಿದ, ಬಳೆಯಾಕಾರದ ಬಿಸಿ ಕೊವ್ರಿಗ್ ಬ್ರೆಡ್ಡು ಮಾರುತ್ತಿದ್ದರು, ಮೂರು ಕೊಂಡೆ. ಅವಳು ರಸ್ತೆಬದಿಯಲ್ಲೇ ನಿಂತು ಎರಡು ತಿಂದಳು, ನನ್ನದರಲ್ಲಿ ಅರ್ಧ ಮುರಿದುಕೊಂಡು ಅದನ್ನೂ ತಿಂದಳು.