ಕಸಾಯಿಯ ಮಗಳ ಕೈ

ನಮ್ಮ ತೆಂಗಳಿಯಲ್ಲಿ ಎಮ್ಮೆ ಈದರೆ ಮೊದಲ ಹಾಲಿನ ಗಿಣ್ಣ ಓಣಿಯ ಮನೆಮನೆಗೂ ಹೋಗುತ್ತಿತ್ತು, ನಮ್ಮ ಮನೆಯೊಂದನ್ನು ಬಿಟ್ಟು. ಕಸಾಯಿಯ ಮನೆಗೆ ಗಿಣ್ಣ ಕೊಟ್ಟರೆ ಎಮ್ಮೆಯ ಹಾಲು ಬತ್ತುತ್ತದಂತೆ. ಯಾರು ಕಂಡಿದ್ದರೋ ಏನೋ! ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅಬ್ಬಾ ಮಜೀದಸಾಬ ಮಾತ್ರ ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ.

ಅರವತ್ತೆಂಟನೇ ಇಸವಿ, ನನಗಾಗ ಇಪ್ಪತ್ತು. ಒಂದು ಮಧ್ಯಾಹ್ನ ನಮ್ಮ ಓಣಿಯ ಹಣಮಪ್ಪ ಕಾಕಾ ಓಡುತ್ತ ಬಂದ. ಅವನ ಎಮ್ಮೆ ಬೆಳಗಿನಿಂದ ನೋವು ತಿನ್ನುತ್ತಿದ್ದರೂ ನೀರಿನ ಚೀಲ ಕೂಡ ಹೊರಬಿದ್ದಿರಲಿಲ್ಲ. ದನದ ಡಾಕ್ಟರು ಇದ್ದದ್ದು ಚಿತ್ತಾಪುರದಲ್ಲಿ, ಬಸ್ಸು ಸಂಜೆಗೆ. ಅಲ್ಲಿಯವರೆಗೆ ಎಮ್ಮೆ ಉಳಿಯುವಂತಿರಲಿಲ್ಲ.

"ಜೀವ ಇದ್ದಾಗೇ ಒಯ್ದುಬಿಡ್ರಿ ಮಜೀದಣ್ಣಾ," ಎಂದು ಕಣ್ಣೊರೆಸಿಕೊಂಡ.

ಅಬ್ಬಾ ಚೂರಿ ತೆಗೆದುಕೊಂಡು ಹೊರಟ. ನಾನೂ ಹಿಂದೆ ಹೋದೆ. ಕಡಿದ ದನದ ಕರುಳು, ಕೋಶ ತೊಳೆಯುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ. ಎಮ್ಮೆಯ ಗರ್ಭಕೋಶ ನನಗೆ ಚೆನ್ನಾಗಿ ಗೊತ್ತಿತ್ತು. ಟಗರಿನ ಕೊಂಬಿನಂತೆ ಸುತ್ತಿಕೊಂಡ ಎರಡು ಕವಲು, ಅವು ಕೂಡಿದ ಮೇಲೆ ಗಟ್ಟಿ ಉಂಗುರಗಳಿರುವ ಕೊರಳು, ಅಲ್ಲಿಂದಾಚೆ ಹೊರದಾರಿ. ಹಿಂದೊಮ್ಮೆ ಈಯಲಾಗದ ಎಮ್ಮೆಯನ್ನು ಕಡಿದಾಗ ಆ ಕೊರಳು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡಿತ್ತು. "ಕರ ಛಂದ ಅದ ನೋಡ, ದಾರಿ ಅಷ್ಟೇ ತಿರುವ್ಯಾದ," ಅಂದಿದ್ದ ಅಬ್ಬಾ ಆ ದಿನ ಊಟ ಮಾಡಲಿಲ್ಲ.

"ಅಬ್ಬಾ, ಒಂದ್ಸಲ ಕೈ ಹಾಕಿ ನೋಡ್ತೀನಿ," ಅಂದೆ.

ಹಣಮಪ್ಪನ ತಾಯಿ ಪೀರಮ್ಮ ಅಡ್ಡ ಬಂದಳು. "ಈಯೋ ಎಮ್ಮಿಗಿ ಕಸಾಯಿ ಕೈಯಾ? ಬ್ಯಾಡ!"

"ಆಯಿ, ಇನ್ನೊಂದ ಗಳಿಗಿಗಿ ನಮ್ಮ ಕೈಗೇ ಬರೋದದ. ಮೊದಲೇ ಹಚ್ಚಿದ್ರ ಏನ್ ಹೋಗ್ತದ?"

ಮುದುಕಿ ಪಕ್ಕಕ್ಕೆ ಸರಿದಳು.

ಸಾಬೂನಿನಿಂದ ತೊಳೆದು, ಎಣ್ಣೆ ಸವರಿ, ಕೈ ತೂರಿಸಿದೆ. ಒಳದಾರಿಯ ಮಡಿಕೆಗಳು ಬಲಕ್ಕೆ ಸುತ್ತಿಕೊಂಡಿದ್ದವು. ಬೆರಳ ತುದಿಗೆ ಕರುವಿನ ಗೊರಸು ತಾಗಿತು. ತಾಗಿದೊಡನೆ ಕರು ಕಾಲು ಎಳೆದುಕೊಂಡಿತು. ಜೀವ ಇತ್ತು!

"ಬಲಮಗ್ಗಲಿಗಿ ಕೆಡವ್ರಿ. ಬಲಕ್ಕೇ ಹೊಳ್ಳಸ್ರಿ!"

"ಬಲಕ್ಕ ತಿರುವಿದ್ರ ಎಡಕ್ಕ ಹೊಳ್ಳಸಬೇಕಲ್ಲ?" ಅಂದ ಹಣಮಪ್ಪ.

"ಕೋಶ ಮೊದಲೇ ಬಲಕ್ಕ ತಿರುಗ್ಯಾದ ಕಾಕಾ. ಅದನ್ನ ಹಲಗಿಲೆ ಒತ್ತಿ ಹಿಡದು, ಮೈಯ ಅದರ ಹಿಂದ ತಿರುಗಿಸಬೇಕು."

ಅಬ್ಬಾ ಚೂರಿಯನ್ನು ಗೋಡೆಯ ಸಂದಿಗೆ ಸಿಕ್ಕಿಸಿ, ಉದ್ದನೆಯ ಹಲಗೆ ತಂದು ಎಮ್ಮೆಯ ಹೊಟ್ಟೆಯ ಮೇಲಿಟ್ಟು ತಾನೇ ನಿಂತ. ಓಣಿಯ ಗಂಡಸರು ಎಮ್ಮೆಯ ಕಾಲಿಗೆ ಹಗ್ಗ ಕಟ್ಟಿ ಹಿಡಿದು ಹೊರಳಿಸಿದರು. ಏನೂ ಆಗಲಿಲ್ಲ. ಪೀರಮ್ಮ ಗೊಣಗಿದಳು. ಮತ್ತೊಮ್ಮೆ ಮೊದಲಿನಂತೆ ಮಲಗಿಸಿ ಹೊರಳಿಸಿ ಕೈ ಹಾಕಿದರೆ ಮಡಿಕೆಗಳು ಬಿಚ್ಚಿ ದಾರಿ ನೆಟ್ಟಗಾಗಿತ್ತು. ನೀರು ನನ್ನ ಮೊಣಕೈವರೆಗೆ ನುಗ್ಗಿ ಬಂತು. ಅರ್ಧ ತಾಸಿನಲ್ಲಿ ಹೆಣ್ಣುಕರು ನೆಲ ಕಂಡಿತು. ಅಬ್ಬಾ ಬರಿಗೈಯಲ್ಲಿ ಹೊರಟರೂ ಎದೆ ಸೆಟೆಸಿ ನಡೆಯುತ್ತಿದ್ದ.

ಮರುದಿನ ಮುಂಜಾನೆ ಪೀರಮ್ಮ ನಮ್ಮ ಬಾಗಿಲಿಗೆ ಬಂದಳು. ಸೆರಗಿನಡಿ ತಾಟಿನ ತುಂಬ ಗಿಣ್ಣ.

"ಹಾಲು ಬತ್ತಿದ್ರ, ಆಯಿ?" ನನ್ನ ನಾಲಿಗೆ ಸುಮ್ಮನಿರಬೇಕಲ್ಲ.

"ಬತ್ತಿದ್ರ ಬತ್ತಲಿ. ಮೊದಲ ನಿನಗ, ಆಮ್ಯಾಲ ಓಣಿಗಿ."

ಅಬ್ಬಾ ಕೈತೊಳೆದು ಬಂದು ಕೂತ. ಒಂದು ತುಣುಕು ಬಾಯಿಗಿಟ್ಟು ಮೆಲ್ಲಗೆ ಚಪ್ಪರಿಸಿದ. ಕಣ್ಣೀರಿಗೆ ಗಡ್ಡ ತೊಯ್ದಿತ್ತು.

"ಐವತ್ತ ವರ್ಷ ಈ ಊರಾಗ ಇದ್ದೀನಿ, ಬೇಟಾ," ಅಂದ. "ಇಲ್ಲಿ ಗಿಣ್ಣ ಹ್ಯಾಂಗಿರ್ತದಂತ ಇವತ್ತ ಗೊತ್ತಾಯ್ತು."